ಕೊಟ್ರಪ್ಪನ ತೊಡೆಯ ಮೇಲೆ ಕೀನ್ಯಾ

ಕೊಟ್ರಪ್ಪನ ತೊಡೆ ಲೋಕದ ಗಮನ ಸೆಳೆಯುವಂಥದ್ದಲ್ಲ. ಸಫಾರಿ ಪ್ಯಾಂಟಿನೊಳಗೆ ಇದೆಯೋ ಇಲ್ಲವೋ ಎನ್ನುವಷ್ಟು ಸಣಕಲು. ಐವತ್ತು ವರ್ಷ ಅದರಿಂದ ಯಾರಿಗೂ ಉಪಕಾರವಾಗಿರಲಿಲ್ಲ, ತೊಂದರೆಯೂ ಆಗಿರಲಿಲ್ಲ. ಅಂಥ ತೊಡೆಯ ಬಗ್ಗೆ ಹಾವೇರಿಯ ಪೊಲೀಸ್ ಕಚೇರಿಯಲ್ಲಿ ಸಾಕ್ಷಿ ವಿಚಾರಣೆ ನಡೆಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ನಡೆದದ್ದು ಖರೆ, ಮತ್ತು ಅದಕ್ಕೆಲ್ಲ ಮೂಲ ರಾಣೆಬೆನ್ನೂರಿನ ಒಂದು ಕಾಲೇಜಿನ ಬೋರ್ಡು.

ಆ ಖಾಸಗಿ ಕಾಲೇಜಿನಲ್ಲಿ ಕೊಟ್ರಪ್ಪ ಆಫೀಸ್ ಸುಪರಿಂಟೆಂಡೆಂಟ್. ಹಾವೇರಿ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬದ ಕಾಲವದು. ಆ ವರ್ಷ ಬೀಜೋತ್ಪಾದನೆ ಕಲಿಯಲೆಂದು ಆಫ್ರಿಕಾದ ಕೀನ್ಯಾದಿಂದ ಜೋಸೆಫ್ ವಫುಲಾ ಎಂಬ ವಿದ್ಯಾರ್ಥಿ ಬಂದಿಳಿದ. ಆರು ಅಡಿ ಮೇಲೆ ಎತ್ತರ, ಅದಕ್ಕೆ ತಕ್ಕ ಅಗಲ, ಮಾತು ಮಾತ್ರ ಮೆತ್ತಗೆ. ಅವರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಅವನೇ ಮೊದಲಿಗ. ಕಾಲೇಜಿನ ಇತಿಹಾಸದಲ್ಲೂ ಸಮುದ್ರ ದಾಟಿ ಬಂದವನು ಅವನೇ ಮೊದಲಿಗ. ಪ್ರಾಚಾರ್ಯರಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ಇಂಥವರಿಗೆಂದೇ ಬೇರೆ ವಿಭಾಗ ಇರುತ್ತದೆಂದು ಅವರು ಕೇಳಿದ್ದರು. ಮೂರನೆಯ ದಿನ ಮುರುಕು ಬೆಂಚು ತುಂಬಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ, ‘ವಿದೇಶಿ ವಿದ್ಯಾರ್ಥಿಗಳ ಮಾರ್ಗದರ್ಶನ ಮತ್ತು ನೆರವು ಕೇಂದ್ರ’ ಎಂದು ಬೋರ್ಡು ಬರೆಸಿ, ಕೊಟ್ರಪ್ಪನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದರು.

ಇಪ್ಪತ್ತೈದು ವರ್ಷ ಹಾಜರಿ ಪುಸ್ತಕ ಕಾಯ್ದ ಮನುಷ್ಯನಿಗೆ ಒಮ್ಮೆಲೇ ಖಂಡಾಂತರ ಜವಾಬ್ದಾರಿ ಬಂದರೆ ಏನಾಗಬೇಕೋ ಅದೇ ಆಯಿತು. ಕೊಟ್ರಪ್ಪ ಹೊಸ ಸಫಾರಿ ಹೊಲಿಸಿದ. ನಡಿಗೆ ನಿಧಾನವಾಯಿತು. ಹೆಂಡತಿ ಪ್ರೇಮವ್ವ ಉಪ್ಪು ತರಲು ಹೇಳಿದರೂ “ನಾ ಈಗ ಮಾರ್ಗದರ್ಶನದಾಗ ಅದೇನಿ” ಎನ್ನತೊಡಗಿದ.

ಮೊದಲನೆಯ ಮಾರ್ಗದರ್ಶನ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಡೆಯಿತು. “ಇಲ್ಲಿ ಘಾಟು ಬಾಳ ಇರ್ತೈತಿ, ಹುಷಾರಿ” ಎಂದು ಹೇಳುತ್ತ ಒಳಹೊಕ್ಕ ಕೊಟ್ರಪ್ಪ ಹೊರಬರುವ ತನಕ ಸೀನಿದ. ಕೆಂಪು ರಾಶಿಗಳ ನಡುವೆ ಅರಾಮಾಗಿ ನಿಂತಿದ್ದ ವಫುಲಾ ತನ್ನ ಕರವಸ್ತ್ರ ಕೊಟ್ಟು, ಕೈಹಿಡಿದು ಬಸ್‌ಸ್ಟ್ಯಾಂಡಿಗೆ ಕರೆತಂದ. ಕೇಂದ್ರ ಕೊಡಬೇಕಾದ ನೆರವನ್ನು ಅಂದು ಕೇಂದ್ರವೇ ಪಡೆಯಿತು. ಭಾಷೆಯ ಪಾಠ ಪ್ರೇಮವ್ವನ ಪಾಲಿಗೆ ಬಂತು. ಆಕೆ ರೊಟ್ಟಿ ಬಡಿಯುತ್ತ ಬಡಿಯುತ್ತ ಕಾಕಾ, ಕಾಕು, ದೊಡ್ಡಪ್ಪ, ದೊಡ್ಡವ್ವ, ‘ಬರ್ರಿ’, ‘ಕುಂದ್ರಿ’, ‘ಊಟಾ ಆತೇನ್ರಿ’ ಎಲ್ಲ ಕಲಿಸಿದಳು. ಹುಡುಗ ಚುರುಕಿದ್ದ. ಹದಿನೈದು ದಿನ ತುಂಬುವುದರೊಳಗೆ ಸಂಬಂಧ ಹಿಡಿದು ಕರೆಯಲು ಕಲಿತ.

ಈ ಎಲ್ಲ ಮಾರ್ಗದರ್ಶನದಲ್ಲಿ ಕೇಂದ್ರದ ಖರೇ ಕೆಲಸವೊಂದು ಹಿಂದೆ ಬಿತ್ತು. ಪರದೇಶದಿಂದ ಬಂದ ವಿದ್ಯಾರ್ಥಿ ಎರಡು ವಾರದೊಳಗೆ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಇಲ್ಲದಿದ್ದರೆ ಅವನನ್ನು ಬಂದ ದಾರಿಯಲ್ಲೇ ತಿರುಗಿ ಕಳಿಸಿಬಿಡಬಹುದು. “ಮಾಡಿದ್ರಾತು, ಏನ್ ಓಡಿ ಹೋಗ್ತೈತಿ” ಎನ್ನುತ್ತ ಕೊಟ್ರಪ್ಪ ದಿನ ದೂಡಿ, ಬರುವ ಸೋಮವಾರವೇ ಕಡೆಯ ದಿನ ಎಂಬಲ್ಲಿಗೆ ತಂದು ನಿಲ್ಲಿಸಿದ. ಅದಕ್ಕೂ ಮೊದಲು ಶನಿವಾರ ‘ಗ್ರಾಮದರ್ಶನ’ ಇಟ್ಟುಕೊಂಡ. ಗ್ರಾಮ ಎಂದರೆ ಅವನ ಸ್ವಂತ ಊರು, ಹಾವೇರಿ ಹತ್ತಿರದ ಕರ್ಜಗಿ. ಅಲ್ಲಿ ಅಣ್ಣ ಗುಡ್ಡಪ್ಪ ಇಬ್ಬರ ಹೊಲವನ್ನೂ ಒಟ್ಟಿಗೆ ಮಾಡಿಸುತ್ತಿದ್ದ. ಕೊಟ್ರಪ್ಪನಿಗೆ ಮಕ್ಕಳಿರಲಿಲ್ಲ. ಆದ್ದರಿಂದ ಅವನ ಪಾಲಿನ ಹೊಲ ಮುಂದೆ ಅಣ್ಣನ ಮಗ ಮಾಂತೇಶನಿಗೇ ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಊರಿಗೆಲ್ಲ ಗೊತ್ತಿತ್ತು.

ಹಾವೇರಿಯಲ್ಲಿ ಇಳಿದ ಕೊಟ್ರಪ್ಪನಿಗೆ, ಪರದೇಶದ ಅತಿಥಿಯನ್ನು ಬರಿಗೊರಳಲ್ಲಿ ಊರಿಗೆ ಒಯ್ಯುವುದು ಹೇಗೆ ಎನಿಸಿತು. ದೊಡ್ಡದೊಂದು ಏಲಕ್ಕಿ ಹಾರ ಕೊಂಡು ಅಲ್ಲೇ ಹಾಕಿದ. ಹಾರ ಹಾಕಿದ ಮೇಲೆ ಶಾಲು ಬೇಡವೇ? ಹೊದಿಸಿದ. ಊರವರ ಬಾಯಿ ಸಿಹಿ ಮಾಡಲು ಒಂದು ಡಬ್ಬಿ ಪೇಡೆಯನ್ನೂ ಹಿಡಿದುಕೊಂಡು, ಪ್ರೇಮವ್ವನೊಡನೆ, ಹಾವೇರಿ-ಕರ್ಜಗಿ ನಡುವೆ ಬಾಡಿಗೆಗೆ ಓಡುವ ದಾದಾಪೀರನ ಟ್ರ್ಯಾಕ್ಸ್ ಗಾಡಿಯ ಹತ್ತಿರ ಬಂದ.

ಜಾಗ ಇಲ್ಲ ಎಂಬ ಮಾತು ದಾದಾಪೀರನ ಬಾಯಲ್ಲಿ ಬಂದದ್ದನ್ನು ಕರ್ಜಗಿಯಲ್ಲಿ ಯಾರೂ ಕೇಳಿಲ್ಲ. ಗಾಡಿಯ ಮೇಲೆ ಚೀಲ, ಹಿಂದೆ ಜೋತುಬಿದ್ದ ಮಂದಿ, ಒಳಗೆ ಕಾಲಿಡಲೂ ತಾವಿಲ್ಲ. ಆದರೂ ಅವನು “ಬರ್ರಿ ಬರ್ರಿ, ಗಾಡಿ ಖಾಲಿ ಐತಿ!” ಎಂದು ಕೂಗುತ್ತಿದ್ದ.

“ಎಲ್ಲಿ ಕುಂದ್ರೂದಪಾ?” ಎಂದ ಕೊಟ್ರಪ್ಪ.

“ಅವ್ವಾರು ಅಲ್ಲಿ ಅಯ್ಯನವರ ಎದುರಿಗೆ ಸರೀಲಿ. ನೀವಿಬ್ರೂ ಒಬ್ರ ತೊಡಿ ಮ್ಯಾಲೆ ಒಬ್ರು ಕುಂದ್ರಿ. ಕರ್ಜಗಿ ಏನ್ ದಿಲ್ಲಿ ಏನ್ರಿ?”

ವಫುಲಾ ತನ್ನ ತೊಡೆ ತಟ್ಟಿ, “ಕಾಕಾ, ಕುಂದ್ರಿ” ಎಂದ. ತೂಕದ ಲೆಕ್ಕದಲ್ಲಿ ಅದೇ ಸರಿ. ಆದರೆ ಕೊಟ್ರಪ್ಪನ ತಲೆಯಲ್ಲಿ ಬೋರ್ಡು ಕುಳಿತಿತ್ತು. ನೆರವು ಕೊಡುವ ಕೇಂದ್ರದ ಮುಖ್ಯಸ್ಥ ವಿದ್ಯಾರ್ಥಿಯ ತೊಡೆಯ ಮೇಲೆ ಕುಳಿತು ಸ್ವಂತ ಊರಿಗೆ ಹೋದರೆ ಕೇಂದ್ರದ ಮರ್ಯಾದೆ ಉಳಿಯುತ್ತದೆಯೇ? “ನೋ, ನೋ. ಯೂ ಗೆಸ್ಟ್” ಎಂದವನೇ ತಾನು ಕೆಳಗೆ ಕುಳಿತು, ಕೀನ್ಯಾವನ್ನು ತನ್ನ ಮೇಲೆ ಎಳೆದುಕೊಂಡ. ಬಾಯಿಂದ ಹೊರಟ ಸಣ್ಣ ಶಬ್ದ ಇಂಜಿನ್ನಿನ ಸಪ್ಪಳದಲ್ಲಿ ಮುಚ್ಚಿಹೋಯಿತು.

ಎದುರಿಗಿದ್ದ ಮಠದ ಅಯ್ಯನವರಿಗೆ ವಫುಲಾ ಕೈಮುಗಿದ. ಅಯ್ಯನವರು ಖುಷಿಯಾಗಿ ಚೀಲದಿಂದ ವಿಭೂತಿ ತೆಗೆದು ಅವನ ಹಣೆಗೆ ಮೂರು ಬೆರಳು ಎಳೆದರು. ಟ್ರ್ಯಾಕ್ಸು ಹೊರಟಿತು.

ನಮ್ಮ ಕಡೆ ದತ್ತಕ ತೆಗೆದುಕೊಳ್ಳುವ ಶಾಸ್ತ್ರ ಏನೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಗಂಡ ಹೆಂಡತಿ ಪಕ್ಕಪಕ್ಕ ಕುಳಿತು, ಹುಡುಗನಿಗೆ ಹಾರ ಹಾಕಿ, ಶಾಲು ಹೊದಿಸಿ, ಅಯ್ಯನವರಿಂದ ವಿಭೂತಿ ಹಚ್ಚಿಸಿ, ನಾಲ್ಕು ಜನರೆದುರು ತೊಡೆಯ ಮೇಲೆ ಕೂಡಿಸಿಕೊಂಡು ಸಿಹಿ ಹಂಚಿದರೆ ಮಗ ಮನೆಯವನಾದ. ‘ತೊಡೆಯ ಮೇಲೆ ಕೂಡಿಸಿಕೊಂಡರು’ ಎಂದರೆ ಸಾಕು, ಆಸ್ತಿಗೆ ವಾರಸುದಾರ ಬಂದ ಎಂದೇ ಊರು ತಿಳಿಯುತ್ತದೆ.

ಶನಿವಾರವಾದ್ದರಿಂದ ಕರ್ಜಗಿಯ ಹನುಮಪ್ಪನ ಗುಡಿಯ ಕಟ್ಟೆ ತುಂಬಿತ್ತು. ಟ್ರ್ಯಾಕ್ಸು ಅದರ ಎದುರಿಗೇ ನಿಂತಿತು. ಜನ ಇಳಿದರು. ಹಿಂದಿನ ಬಾಗಿಲು ಹಾರುಹೊಡೆದೇ ಉಳಿಯಿತು. ಒಳಗೆ ಹಾರ, ಶಾಲು, ವಿಭೂತಿಯ ವಫುಲಾ ಕೊಟ್ರಪ್ಪನ ತೊಡೆಯ ಮೇಲೆ ವಿರಾಜಮಾನನಾಗಿದ್ದ. ಪಕ್ಕದಲ್ಲಿ ಪ್ರೇಮವ್ವ, ಎದುರಿಗೆ ಅಯ್ಯನವರು. ಟ್ರ್ಯಾಕ್ಸಿನ ಸೂರು ತಲೆಗೆ ಒತ್ತುತ್ತಿದ್ದರಿಂದ ವಫುಲಾನಿಗೆ ಏಳಲು ಬರುತ್ತಿರಲಿಲ್ಲ, ಕಾಲು ಜೋಮು ಹಿಡಿದು ಕೊಟ್ರಪ್ಪನಿಗೆ ಅಲುಗಲು ಬರುತ್ತಿರಲಿಲ್ಲ. ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಸುಮ್ಮನೆ ಕುಳಿತರೆ ಚೆನ್ನಾಗಿರುವುದಿಲ್ಲವೆಂದು ಕೊಟ್ರಪ್ಪ ಕುಳಿತಲ್ಲಿಂದಲೇ ಡಬ್ಬಿ ತೆರೆದು, “ತಗೋರಿ, ಬಾಯಿ ಸಿಹಿ ಮಾಡ್ಕೋರಿ” ಎಂದು ಪೇಡೆ ಹಂಚತೊಡಗಿದ.

“ಕಡೀಕೂ ಮನಸ್ ಮಾಡಿದಿ ಅನ್ನು ಕೊಟ್ರಪ್ಪಾ!” ಎಂದ ಒಬ್ಬ ಮುದುಕ, ಪೇಡೆ ಬಾಯಿಗೆ ಹಾಕಿಕೊಂಡು.

“ಹೂನ್ರಿ, ಎಷ್ಟ್ ದಿನಾ ಅಂತ ಬಿಡೂದು” ಎಂದ ಕೊಟ್ರಪ್ಪ. ಅವನು ಹೇಳಿದ್ದು ಊರಿಗೆ ಬರುವ ವಿಚಾರ.

ಕಾಲಿಗೆ ಜೀವ ಬಂದು ಅವರು ಮನೆ ಮುಟ್ಟುವುದರೊಳಗೆ ಸುದ್ದಿ ಹಿಂದಿನ ಓಣಿಯಿಂದ ಹೋಗಿ ಮುಟ್ಟಿತ್ತು. ಗುಡ್ಡಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಹೆಂಡತಿ ಗುತ್ತೆವ್ವ ನೀರಿನ ತಂಬಿಗೆಯನ್ನು ಇಟ್ಟಳೋ ಕುಕ್ಕಿದಳೋ ಹೇಳುವುದು ಕಷ್ಟ. ವಫುಲಾ ಕೈಮುಗಿದು, “ದೊಡ್ಡಪ್ಪಾ, ಊಟಾ ಆತೇನ್ರಿ?” ಎಂದ. ಗೋಡೆಯ ಕಡೆಯಿಂದ ಒಂದು ನರಳಾಟ ಕೇಳಿಸಿತು.

“ದೊಡ್ಡಪ್ಪ ಅನ್ನೂದನ್ನೂ ಕಲಿಸೀರಿ,” ಎಂದಳು ಗುತ್ತೆವ್ವ. “ಕೊಟ್ರಪ್ಪಾ, ನಮಗ ಮೊದಲ ಒಂದ್ ಮಾತ್ ಹೇಳಬೇಕು ಅನಸಲಿಲ್ಲೇನು?”

ಹೇಳದೆ ಬಂದದ್ದಕ್ಕೆ ಸಿಟ್ಟು ಎಂದುಕೊಂಡ ಕೊಟ್ರಪ್ಪ. “ತಪ್ಪಾತು ವೈನಿ. ಎಲ್ಲಾ ಗಡಿಬಿಡಿಯೊಳಗ ಆತು. ಕಾಲೇಜಿನವ್ರ ಕುಂತು ನಿಶ್ಚೆ ಮಾಡಿದ್ರು. ಬೋರ್ಡೂ ಬರಿಸ್ಯಾರ.”

“ಬೋರ್ಡು ಬ್ಯಾರೆ!”

“ಮತ್ತ? ಇಲ್ಲಿ ಇರೂತನಕ ಇಂವಗ ತಂದಿ-ತಾಯಿ ನಾವ. ಸೋಮವಾರ ಹಾವೇರಿಗೆ ಹೋಗಿ ಸರಕಾರದಾಗ ಹೆಸರೊಂದು ಹಚ್ಚಿಬಿಟ್ರ ನನ್ನ ಎದಿ ಮ್ಯಾಲಿನ ಭಾರ ಇಳೀತೈತಿ.”

“ನಿಮಗ ಬ್ಯಾರೆ ಯಾರೂ ಸಿಗಲಿಲ್ಲೇನು?”

“ಈ ವರ್ಷ ಇದೊಂದ ಬಂದೈತಿ ವೈನಿ,” ಎಂದ ಕೊಟ್ರಪ್ಪ ಸಮಾಧಾನ ಹೇಳುವ ದನಿಯಲ್ಲಿ. “ಮುಂದಿನ ವರ್ಷ ಇನ್ನೂ ಹತ್ತು ಬರ್ತಾವ ಅಂದಾರ.”

ಗುತ್ತೆವ್ವ ನಿಂತಲ್ಲೇ ಕುಸಿದು ಕುಳಿತಳು.

ತಿರುಗಿ ಬರುವಾಗ ಪ್ರೇಮವ್ವ ವಿಷಯ ಒಡೆದಳು. ಹಿತ್ತಲ ಬಾಗಿಲಲ್ಲಿ ಓಣಿಯ ಹೆಣ್ಣುಮಕ್ಕಳು ಬಂದು ಅವಳಿಗೆ ಕುಂಕುಮ ಹಚ್ಚಿ, “ಎತ್ತರ ಬಾಳ ಅದಾನ, ಆದ್ರ ಗುಣಾ ಚಲೋ ಕಾಣತೈತಿ” ಎಂದು ಹರಸಿ ಹೋಗಿದ್ದರು. ಕೊಟ್ರಪ್ಪ ಮೊದಲು ನಕ್ಕ, ಆಮೇಲೆ ಬೆವರಿದ, ಕೊನೆಗೆ “ಮೊದಲ ನೋಂದಣಿ ಮುಗೀಲಿ, ಆಮ್ಯಾಲೆ ಹೋಗಿ ಅಣ್ಣಗ ತಿಳಿಸಿ ಹೇಳ್ತೇನಿ” ಎಂದು ಎಂದಿನಂತೆ ಮುಂದೆ ಹಾಕಿದ.

ಸೋಮವಾರ ಪೊಲೀಸ್ ಕಚೇರಿಯಲ್ಲಿ ಎಲ್ಲ ಸರಳವಾಗಿ ಸಾಗಿತ್ತು. ಎಎಸ್‌ಐ ವೀರೇಂದ್ರ ಅವರ ಟೇಬಲ್ಲಿಗೆ ವಿದೇಶಿಯರು ಬರುವುದೇ ಅಪರೂಪ. ಅವರು ವಫುಲಾನಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಒಂದೊಂದೇ ಅಕ್ಷರವನ್ನು ದುಂಡಗೆ ಬರೆದುಕೊಳ್ಳುತ್ತಿದ್ದರು. ಇನ್ನೇನು ಸಿಕ್ಕಾ ಒತ್ತಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಗುಡ್ಡಪ್ಪ ಕಾಣಿಸಿಕೊಂಡ. ಮುಂಜಾನೆಯಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಯ್ದು, ಅಲ್ಲಿ ದತ್ತಕಪತ್ರ ಯಾವುದೂ ಬಂದಿಲ್ಲವೆಂದು ತಿಳಿದು, ತಮ್ಮ ಪೊಲೀಸ್ ಕಚೇರಿಗೆ ಹೋದದ್ದನ್ನು ಚಹಾದಂಗಡಿಯಲ್ಲಿ ಪತ್ತೆ ಹಚ್ಚಿ ಬಂದಿದ್ದ. ಜೊತೆಗೆ ಸಾಕ್ಷಿಗೆಂದು ದಾದಾಪೀರನನ್ನು ರಟ್ಟೆ ಹಿಡಿದು ಎಳೆತಂದಿದ್ದ.

“ನಿಲ್ಲಸ್ರಿ ಸಾಹೇಬ್ರ! ನಂದು ತಕರಾರೈತಿ. ಮನಿತನದವರನ್ನ ಕೇಳಲಾರದ ದತ್ತಕ ತಗೊಂಡಾರ!”

“ಅಣ್ಣಾ, ಇದು ದತ್ತಕಲ್ಲೋ!” ಎಂದ ಕೊಟ್ರಪ್ಪ.

“ತೊಡಿ ಮ್ಯಾಲೆ ಕುಂಡ್ರಿಸ್ಕೊಂಡಿಯೋ ಇಲ್ಲೋ? ಹನುಮಪ್ಪನ ಮುಂದ ಹೇಳಿದಂಗ ಹೇಳು.”

“ಕುಂಡ್ರಿಸ್ಕೊಂಡೇನಿ, ಆದ್ರ...”

“ಪೇಡೆ ಹಂಚಿದಿಯೋ ಇಲ್ಲೋ?”

“ಹಂಚೇನಿ, ಆದ್ರ...”

“ಕೇಳಿದ್ರೇನ್ರಿ ಸಾಹೇಬ್ರ?”

ವಫುಲಾ ಎದ್ದು ನಿಂತು, ಹಿರಿಯರಿಗೆ ಕೈಮುಗಿದು, “ದೊಡ್ಡಪ್ಪಾ, ಕುಂದ್ರಿ” ಎಂದು ತನ್ನ ಕುರ್ಚಿ ಸರಿಸಿಕೊಟ್ಟ.

ವೀರೇಂದ್ರ ಸಿಕ್ಕಾ ಕೆಳಗಿಟ್ಟರು. ಅವರು ಕೆಟ್ಟವರಲ್ಲ, ಕಾನೂನು ಬಲ್ಲವರು. ಅದೇ ತೊಂದರೆಯಾಯಿತು. “ಹಿಂಗ್ ನೋಡ್ರಿ. ದತ್ತಕ ಆಗಿದ್ರ ಇಂವ ನಮ್ಮಾಂವ. ನಮ್ಮಾಂವನ್ನ ವಿದೇಶಿ ಅಂತ ಬರಕೊಂಡ್ರ ನನ್ನ ನೌಕರಿ ಹೋಗ್ತೈತಿ. ಆಗಿಲ್ಲಂದ್ರ, ಆಗಿಲ್ಲ ಅನ್ನೂದಕ್ಕ ರುಜುವಾತು ಕೊಡ್ರಿ.”

“ಆಗಲಾರದ್ದಕ್ಕ ಎಲ್ಲಿಂದ ರುಜುವಾತು ತರ್ಲಿ ಸಾಹೇಬ್ರ?”

“ಅದು ನಿಮ್ಮ ನೆರವು ಕೇಂದ್ರದ ಕೆಲಸ. ಆದ್ರ ಲಗೂ ಆಗಬೇಕು. ಐದೂವರಿಗೆ ಆಫೀಸ್ ಬಂದ್ ಆತಂದ್ರ ಅವಧಿ ಮುಗೀತು. ಆಮ್ಯಾಲೆ ಇಂವನ್ನ ಇಟ್ಕೊಳ್ಳೂದೋ ಕಳಸೂದೋ ಮ್ಯಾಲಿನವ್ರು ನಿರ್ಧಾರ ಮಾಡ್ತಾರ.”

ವಫುಲಾನಿಗೆ ಮಾತು ತಿಳಿಯದಿದ್ದರೂ ಮುಖಗಳು ತಿಳಿದವು. ಅವನು ಕೊಟ್ರಪ್ಪನ ಕಿವಿಯ ಹತ್ತಿರ ಬಾಗಿ, ತಾನು ವಾಪಸು ಹೋಗಬೇಕಾಗುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಬೋರ್ಡೂ ಬೇಡ, ಸಫಾರಿಯೂ ಬೇಡ, ಈ ಹುಡುಗ ಉಳಿದರೆ ಸಾಕು ಎಂದು ಕೊಟ್ರಪ್ಪನಿಗೆ ಖರೇನೇ ಅನಿಸಿತು. ಅವನ ಆಸೆಯೆಲ್ಲ ಈಗ ದಾದಾಪೀರನ ಮೇಲೆ. ಗಾಡಿ ತುಂಬಿತ್ತು ಎಂದು ಅವನೊಂದು ಮಾತು ಹೇಳಿದರೆ ಎಲ್ಲ ಬಗೆಹರಿಯುತ್ತಿತ್ತು.

“ದಾದಾಪೀರಾ, ನೀನ ಹೇಳಪಾ. ಗಾಡ್ಯಾಗ ಜಾಗ ಇತ್ತೇನು?”

ದಾದಾಪೀರ ಸುತ್ತ ನೋಡಿದ. ನಾಲ್ಕೂ ಕಡೆ ಪೊಲೀಸರು. ತುಂಬಿತ್ತು ಎಂದರೆ ಅವನ ಲೈಸೆನ್ಸು ಹೋಗುತ್ತದೆ.

“ಗಾಡಿ ಖಾಲಿ ಇತ್ರಿ,” ಎಂದ ಅವನು, ಚಾವಣಿ ನೋಡುತ್ತ. “ನಾ ಪಾಸಿಂಗ್ ಇದ್ದಷ್ಟ ಮಂದೀನ್ನ ಹಾಕ್ತೇನ್ರಿ. ಒಬ್ರನ್ನೂ ಹೆಚ್ಚಿಗಿ ಹತ್ತಿಸೂದಿಲ್ಲ.”

“ಹಂಗಾದ್ರ ತೊಡಿ ಮ್ಯಾಲೆ ಯಾಕ ಕುಂತಿದ್ದ?”

“ಕಾಲು ಚಾಚಿ ಮಲಗೂವಷ್ಟು ಜಾಗ ಇತ್ರಿ. ಕೊಟ್ರಪ್ಪನವ್ರ ಪ್ರೀತಿಲೆ ಎಳದು ಕುಂಡ್ರಿಸ್ಕೊಂಡ್ರು. ನಾ ಕನ್ನಡಿಯೊಳಗ ನೋಡಿ ಕಣ್ಣೀರ್ ಹಾಕಿದೆ.”

ಗುಡ್ಡಪ್ಪ ಎದೆ ಸೆಟೆಸಿದ. ವೀರೇಂದ್ರ ನಿಟ್ಟುಸಿರು ಬಿಟ್ಟು ಕಾಗದಗಳನ್ನು ಜೋಡಿಸಿ ಕಟ್ಟಿಡತೊಡಗಿದರು. ಗೋಡೆಯ ಗಡಿಯಾರದ ಮುಳ್ಳು ಐದನ್ನು ದಾಟಿತ್ತು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಒಂದು ದಿನವೂ ದನಿ ಏರಿಸದ ಕೊಟ್ರಪ್ಪ, “ಎಲೋ ದಾದಾಪೀರಾ, ಗಾಡಿ ಖಾಲಿ ಇತ್ತೇನೋ!” ಎಂದು ಕಚೇರಿ ಗದಗುಟ್ಟುವಂತೆ ಕೂಗಿದ.

ಆ ಕೂಗಿಗೆ ಕಿಟಕಿಯ ಹೊರಗಿನಿಂದ ಉತ್ತರ ಬಂತು. “ಖಾಲಿ ಇತ್ತಂತೇನು? ಯಾರಪಾ ಅಂದಾಂವ?”

ಅವನು ಹೊಳಿಯಪ್ಪ. ಗುಡ್ಡಪ್ಪನ ಹೊಲಕ್ಕೆ ಹೊಂದಿದ ಹೊಲದವನು. ಇಬ್ಬರದೂ ಬದುವಿನ ತಕರಾರು ವರ್ಷಗಟ್ಟಲೆಯಿಂದ ಹಾವೇರಿ ಕೋರ್ಟಿನಲ್ಲಿತ್ತು. ಮಾತು ಬಿಟ್ಟು ಎಷ್ಟು ಕಾಲವಾಯಿತೆಂದು ಇಬ್ಬರಿಗೂ ಮರೆತಿತ್ತು. ಆ ದಿನವೂ ಕೋರ್ಟಿನ ತಾರೀಖಿಗೆ ಬಂದು, ಎಂದಿನಂತೆ ಮುಂದಿನ ತಾರೀಖು ಪಡೆದು, ಹಗೆಯ ಮನೆಯ ಗದ್ದಲ ನೋಡಿ ಕಣ್ಣು ತಂಪು ಮಾಡಿಕೊಳ್ಳಲು ಕಿಟಕಿಗೆ ಬಂದು ನಿಂತಿದ್ದ. ಆದರೆ ಸುಳ್ಳೆಂದರೆ ಅವನಿಗೆ ಆಗುತ್ತಿರಲಿಲ್ಲ, ಅದರಲ್ಲೂ ದಾದಾಪೀರನ ಗಾಡಿಯ ಬಗ್ಗೆ. ಕಿಟಕಿ ಬಿಟ್ಟು ಒಳಗೇ ಬಂದ.

“ಸಾಹೇಬ್ರ, ಈ ದಾದಾಪೀರನ ಗಾಡಿ ಎಂದ್ ಖಾಲಿ ಇತ್ತು ಕೇಳ್ರಿ. ಇವತ್ತ ಮುಂಜಾನೆ ನಾ ಹೆಂಗ್ ಬಂದೇನಿ ಕೇಳ್ರಿ.”

“ಹೆಂಗ್ ಬಂದ್ರಿ?”

“ಅದನ್ನ ಗುಡ್ಡಪ್ಪ ಹೇಳ್ಲಿ.”

ಗುಡ್ಡಪ್ಪನ ಸೆಟೆದ ಎದೆ ಮೆಲ್ಲಗೆ ಒಳಗೆ ಹೋಯಿತು. ಅವನು ರುಮಾಲು ಸರಿಮಾಡಿಕೊಂಡ, ಕೆಮ್ಮಿದ, ಗಡಿಯಾರ ನೋಡಿದ.

“ಹೇಳ್ರಿ ಗುಡ್ಡಪ್ಪನವರ,” ಎಂದರು ವೀರೇಂದ್ರ. “ಇವ್ರು ಎಲ್ಲಿ ಕುಂತಿದ್ರು?”

“ಗಾಡಿ... ಸ್ವಲ್ಪ ಗರ್ದಿ ಇತ್ರಿ.”

“ಎಲ್ಲಿ ಕುಂತಿದ್ರು ಅಂತ ಕೇಳಿದೆ.”

“ನನ್ನ ತೊಡಿ ಮ್ಯಾಲೆ,” ಎಂದ ಗುಡ್ಡಪ್ಪ, ತನ್ನ ಚಪ್ಪಲಿಗಳಿಗೆ ಮಾತ್ರ ಕೇಳಿಸುವಂತೆ.

ವೀರೇಂದ್ರ ಕುರ್ಚಿಗೆ ಒರಗಿ ಎರಡೂ ಕೈ ಜೋಡಿಸಿ ಹೊಟ್ಟೆಯ ಮೇಲಿಟ್ಟುಕೊಂಡರು. ಆ ಹೊತ್ತಿನಲ್ಲಿ ಅವರ ಮುಖದ ಮೇಲಿದ್ದ ಸಂತೋಷ ಯಾವ ಕಾನೂನಿನ ಪುಸ್ತಕದಲ್ಲೂ ಇರಲಿಲ್ಲ. “ಅಂದಮ್ಯಾಲೆ ಹೊಳಿಯಪ್ಪನವ್ರೂ ನಿಮ್ಮ ದತ್ತಕ ಮಗಾ ಆದ್ರು. ನಾಲ್ಕು ಮಂದಿ ಸಾಕ್ಷಿ ಇದ್ರೇನ್ರಿ?”

“ಇಪ್ಪತ್ತ್ ಮಂದಿ ಇದ್ರು,” ಎಂದ ಹೊಳಿಯಪ್ಪ. “ನಾ ಏನ್ ಒಲ್ಲೆ ಅನ್ನೂದಿಲ್ರಿ ಸಾಹೇಬ್ರ. ಹಿರೀಮಗ ಅಂತ ಬದುವಿನ ಕಡೀ ಪಾಲು ನನಗ ಬರಕೊಟ್ರ ಸಾಕು. ಕೋರ್ಟಿನ ಓಡಾಟನೂ ಉಳೀತೈತಿ.”

“ನನ್ನ ತಕರಾರು ವಾಪಸ್ ತಗೊಂಡೇನ್ರಿ!” ಎಂದು ಗುಡ್ಡಪ್ಪ ಒಂದೇ ಉಸಿರಿಗೆ ಕೂಗಿದ. “ತೊಡಿ ಮ್ಯಾಲೆ ಕುಂತ್ರ ದತ್ತಕ ಆಗೂದಿಲ್ರಿ! ಟ್ರ್ಯಾಕ್ಸಿನ್ಯಾಗ ಅಂತೂ ಆಗೂದ ಇಲ್ಲ!”

ಸಿಕ್ಕಾ ಬಿತ್ತು. ಆ ‘ಟಪ್’ ಎಂಬ ಸಪ್ಪಳ ಕೊಟ್ರಪ್ಪನಿಗೆ ಮಂಗಳವಾದ್ಯದಂತೆ ಕೇಳಿಸಿತು. ಎದೆಯ ಮೇಲಿನ ಭಾರ ಇಳಿದು, ಅವನು ವಫುಲಾನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಕ್ಕ, ಸ್ವಲ್ಪ ಹೊತ್ತು ಸುಮ್ಮನೆ ಅತ್ತ. ದಾದಾಪೀರನನ್ನು ವೀರೇಂದ್ರ ಒತ್ತಟ್ಟಿಗೆ ಕರೆದು ಏನೋ ಹೇಳಿದರು. ಹೊರಬಂದಾಗ ಅವನು ನಿಜವಾಗಿಯೂ ಕಣ್ಣೀರು ಹಾಕಿದ್ದ.

ಹೊರಗೆ ಬೇವಿನ ಮರದ ಕೆಳಗೆ ಅಣ್ಣತಮ್ಮಂದಿರು ನಿಂತರು. “ಮಾಂತೇಶ ನನಗ ಮಗಾ ಅಲ್ಲೇನೋ ಅಣ್ಣಾ? ಅದನ್ನ ಬಾಯಿಬಿಟ್ಟು ಹೇಳಬೇಕಿತ್ತೇನು?” ಎಂದ ಕೊಟ್ರಪ್ಪ.

“ಬಾಯಿಬಿಟ್ಟು ಹೇಳಿದ್ರ ಬಾಯೇನ್ ಹರೀತಿತ್ತು?” ಎಂದ ಗುಡ್ಡಪ್ಪ. ಆಮೇಲೆ ವಫುಲಾನ ಕಡೆ ತಿರುಗಿ, “ನಡೀಪಾ ಊರಿಗೆ. ಅವತ್ತ ನಿನಗ ಬರೇ ನೀರ್ ಕುಡಿಸಿ ಕಳಿಸೇವಿ. ಗುತ್ತೆವ್ವಗೂ ಮನಸಿಗೆ ಹತ್ತೇತಿ” ಎಂದ.

ಸಂಜೆಯ ಟ್ರ್ಯಾಕ್ಸು ಅದೊಂದೇ, ದಾದಾಪೀರನದು. ಪೊಲೀಸ್ ಕಚೇರಿ ಕಣ್ಣಿಗೆ ಮರೆಯಾಗುವ ತನಕ ಗಾಡಿ ಕಾನೂನಿನ ಪ್ರಕಾರ ಹೋಯಿತು. ಮುಂದಿನ ತಿರುವಿನಲ್ಲಿ ಸಂತೆ ಮುಗಿಸಿದವರು ಗುಂಪಾಗಿ ನಿಂತಿದ್ದರು. “ಬರ್ರಿ ಬರ್ರಿ, ಖಾಲಿ ಐತಿ!” ಎಂಬ ಕೂಗು ಕೇಳಿಸಿತು. ಜನ ನುಗ್ಗಿದರು. ಒಬ್ಬ ಮುದುಕಿಗೆ ಜಾಗ ಬಿಟ್ಟುಕೊಟ್ಟು ಎದ್ದ ಗುಡ್ಡಪ್ಪನಿಗೆ ನಿಲ್ಲಲೂ ತಾವಿರಲಿಲ್ಲ.

“ದೊಡ್ಡಪ್ಪಾ, ಬರ್ರಿ, ಕುಂದ್ರಿ,” ಎಂದ ವಫುಲಾ, ತೊಡೆ ತಟ್ಟಿ. ಉತ್ತರಕ್ಕೆ ಕಾಯದೆ ಗುಡ್ಡಪ್ಪನನ್ನು ಎತ್ತಿ ಕೂಡಿಸಿಕೊಂಡ. ವಿಶಾಲವಾದ, ಮೆತ್ತನೆಯ ಜಾಗ. ಗುಡ್ಡಪ್ಪ ಮೊದಲು ಮಿಸುಕಾಡಿದ, ಆಮೇಲೆ ಹಾಯಾಗಿ ಒರಗಿದ.

ಹನುಮಪ್ಪನ ಗುಡಿಯ ಎದುರು ಬಾಗಿಲು ತೆರೆಯಿತು. ಕಟ್ಟೆಯ ಮೇಲಿನವರು ಮತ್ತೆ ಎದ್ದು ನಿಂತರು. ಅವತ್ತು ಪೇಡೆ ತಿಂದಿದ್ದ ಮುದುಕನೇ ಮೊದಲು ಬಾಯಿ ತೆರೆದ.

“ಏನ್ ಗುಡ್ಡಪ್ಪಾ, ಈಗ ನಿನ್ನನ್ನ ಅಂವ ದತ್ತಕ ತಗೊಂಡನೇನು? ಆಫ್ರಿಕಾದಾಗ ಆಸ್ತಿ ಬಂತನ್ನು!”

ಗಾಡಿಯೊಳಗಿನವರೂ ಹೊರಗಿನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಟ್ರಪ್ಪನಿಗಂತೂ ಎಷ್ಟೋ ದಿನದ ನಗೆ ಒಟ್ಟಿಗೆ ಬಂತು. ಗುಡ್ಡಪ್ಪ ಮಾತ್ರ ನಗಲಿಲ್ಲ, ಕೆಳಗಿಳಿಯುವ ಅವಸರವನ್ನೂ ಮಾಡಲಿಲ್ಲ. ಏನೋ ಯೋಚಿಸಿ ತಮ್ಮನ ಕಡೆ ಬಾಗಿದ.

“ಕೊಟ್ರಾ, ಇವ್ರಪ್ಪಗ ಹೊಲಾ ಐತೇನೋ?”

“ಐತಂತ ಅಣ್ಣಾ. ಗೋವಿನಜೋಳ ಬೆಳೀತಾರಂತ.”

ಗುಡ್ಡಪ್ಪ ಕುಳಿತಲ್ಲೇ ರುಮಾಲು ಸರಿಪಡಿಸಿಕೊಂಡ.

“ನೀರಾವರೀನೋ, ಒಣಭೂಮಿನೋ ಕೇಳು.”